ಫೈನಲ್ ಮುಗಿಯುವ ಮೊದಲೇ ಕೆಲಸ ಮುಗಿಸಿದ ಪೆಟ್ಟಿಗೆಯವರಿಗೆ

ಮಾನ್ಯ ರೆಕಾರ್ಡಿಂಗ್ ಪೆಟ್ಟಿಗೆಯವರೇ,

ನಮ್ಮ ಟಿವಿಯ ಕೆಳಗೆ ಹಸಿರು ಕಣ್ಣೊಂದನ್ನು ತೆರೆದು ಸದಾ ಎಚ್ಚರವಿರುವಂತೆ ಕಾಣುವ ತಮಗೆ, ಉತ್ತರ ಮಿನೆಸೋಟಾದ ರಸ್ತೆಗಳಲ್ಲಿ ಹಿಮ ತೆಗೆಯುವ ಲಾರಿ ಓಡಿಸುವ ವರ್ನಾ ಲಾಹ್ಟಿಯ ಸಾದರ ವಂದನೆಗಳು. ತಾವು ಕ್ಷೇಮವೆಂದು ಬಲ್ಲೆ. ಮನೆಯಲ್ಲಿ ಎಲ್ಲರಿಗಿಂತ ಬೆಚ್ಚಗಿರುವವರು ತಾವೇ, ಅದಕ್ಕೇ ಬೆಕ್ಕು ತಮ್ಮ ಮೇಲೆ ಮಲಗುತ್ತದೆ.

ಕೇಬಲ್ ಕಿತ್ತುಹಾಕಿದ ಮೇಲೆ ನನ್ನ ಗಂಡ ಆರ್ವಿಡ್ ಹುಡುಗಿ ನೋಡುವವರಂತೆ ಒಂದೊಂದೇ ಆ್ಯಪನ್ನು ನೋಡಿಬಂದರು. ಒಂದಕ್ಕೆ ಊರಿನ ಸುದ್ದಿ ಗೊತ್ತಿಲ್ಲ, ಇನ್ನೊಂದಕ್ಕೆ ಐಸ್ ಹಾಕಿ ಗೊತ್ತಿಲ್ಲ, ಎರಡೂ ಬಲ್ಲ ಮೂರನೆಯದು ನಮ್ಮ ಊರಿಗೇ ಬರುವುದಿಲ್ಲ. ಕೊನೆಗೆ ಸೂರಿನ ಮೇಲೊಂದು ಆಂಟೆನಾ ನೆಟ್ಟು, ಅದು ಹಿಡಿದದ್ದನ್ನು ಕೂಡಿಡಲು ತಮ್ಮನ್ನು ಬರಮಾಡಿಕೊಂಡು, "ಇನ್ಮೇಲೆ ಟಿವಿಗೆ ನಾವು ಕಾಯೋದಿಲ್ಲ ಕಣೇ, ಟಿವಿನೇ ನಮಗೆ ಕಾಯುತ್ತೆ" ಎಂದು ಘೋಷಿಸಿದರು.

ಮಾರ್ಚಿನಲ್ಲಿ ನಮ್ಮ ಮಗಳು ಸಿಗ್ನಿಯ ಶಾಲಾ ಐಸ್ ಹಾಕಿ ತಂಡ ರಾಜ್ಯದ ಫೈನಲ್ ತಲುಪಿತು. ಅವಳು ಗೋಲ್ ಕಾಯುವವಳು. ಅಪ್ಪ ಮಗಳು ಪಂದ್ಯ ನಡೆಯುವ ಸೇಂಟ್ ಪಾಲ್‌ಗೆ ಹೋದರು; ಹಿಮಬಿರುಗಾಳಿ ಎದ್ದದ್ದರಿಂದ ನಾನು ಲಾರಿ ಹತ್ತಿದೆ. ತಾವಿದ್ದೀರಲ್ಲ ಎಂಬ ಧೈರ್ಯದಿಂದ, ಫಲಿತಾಂಶ ಕಿವಿಗೆ ಬೀಳದಿರಲೆಂದು ರೇಡಿಯೋ ಬಂದ್ ಮಾಡಿದೆ. ಊರಿಗೆ ಊರೇ ನನಗಾಗಿ ಬಾಯಿ ಕಟ್ಟಿಕೊಂಡಿತು. ಪೆಟ್ರೋಲ್ ಬಂಕಿನ ಒರ್ವಿಲ್ ನನ್ನನ್ನು ಕಂಡೊಡನೆ, "ನನ್ನ ಮುಖ ನೋಡಬೇಡ ಮಾರಾಯ್ತಿ, ನಂಗೆ ಮುಚ್ಚಿಡೋಕೆ ಬರಲ್ಲ!" ಎಂದು ಬೆನ್ನು ತಿರುಗಿಸಿಕೊಂಡೇ ಡೀಸೆಲ್ ತುಂಬಿಸಿದ.

ಸಂಜೆ ಬಂದು, ಬೂಟು ಕೂಡ ಬಿಚ್ಚದೆ ತಮ್ಮೆದುರು ಕೂತೆ. ಆಟ ಸಮವಾಗಿ ಹೆಚ್ಚುವರಿ ಅವಧಿಗೆ ಹೋಯಿತು. ಎದುರಾಳಿ ಹುಡುಗಿಯೊಬ್ಬಳು, ಈ ಆಟದಲ್ಲಿ ಚೆಂಡಿನ ಬದಲಿಗಿರುವ ರಬ್ಬರ್ ಬಿಲ್ಲೆಯನ್ನು ತಳ್ಳಿಕೊಂಡು ಒಬ್ಬಳೇ ನುಗ್ಗಿದಳು, ಸಿಗ್ನಿ ಮಂಡಿ ಬಗ್ಗಿಸಿದಳು, ಮತ್ತು ತಾವು, ನಿಗದಿತ ವೇಳೆ ಮುಗಿಯಿತೆಂದು ಅಲ್ಲಿಗೇ ನಿಲ್ಲಿಸಿ, ನಾವ್ಯಾರೂ ಕೇಳದ ತರಕಾರಿ ಹೆಚ್ಚುವ ಯಂತ್ರದ ಜಾಹೀರಾತನ್ನು ಅಥದಿಂದ ಇತಿಯವರೆಗೆ ಅರ್ಪಿಸಿದಿರಿ. ಇಂಥ ಸಮಯಪಾಲನೆ ನಮ್ಮ ರಸ್ತೆ ಇಲಾಖೆಯಲ್ಲಿ ಯಾರಿಗೂ ಇಲ್ಲ.

ನಾನು ಫೋನ್ ಮಾಡಿದೆ. ಸಿಗ್ನಿ, "ಅಮ್ಮಾ, ಫೋನಲ್ಲಿ ಹೇಳಲ್ಲ, ಬಂದು ತೋರಿಸ್ತೀನಿ. ಯಾರನ್ನೂ ಕೇಳಬೇಡ" ಎಂದಳು. ಒಂದು ರಾತ್ರಿ, ಒಂದು ಹಗಲು ನಾನು ಯಾರನ್ನೂ ಕೇಳದೆ ಹೇಗಿದ್ದೆನೆಂಬುದನ್ನು ತಮಗೆ ರೆಕಾರ್ಡ್ ಮಾಡಲು ಸಾಧ್ಯವಿಲ್ಲ.

ಮರುದಿನ ಸಂಜೆ ಬಂದವಳೇ ಕಾಲಿಗೆ ದಪ್ಪನೆಯ ಪ್ಯಾಡು ಕಟ್ಟಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಪ್ಪನ ಕೈಗೆ ಆಟದ ಕೋಲು, ಬಿಲ್ಲೆಯ ಬದಲಿಗೆ ಸುತ್ತಿದ ಕಾಲುಚೀಲ ಕೊಟ್ಟು, "ಎಡಗಡೆಯಿಂದ ಬನ್ನಿ ಅಪ್ಪ. ಅಷ್ಟು ಮೆಲ್ಲಗಲ್ಲ, ಅವಳು ಹಾರಿಬಂದಳು" ಎಂದಳು. ಆರ್ವಿಡ್ ಹಾರಿಬಂದರು. ಕಾಲುಚೀಲ ಅವಳ ಎರಡು ಕಾಲುಗಳ ನಡುವೆ ನುಸುಳಿ ಒಲೆಯ ಕೆಳಗೆ ಹೋಯಿತು.

"ಹೀಗೇ ಹೋಯ್ತಮ್ಮ, ಆಟ ಅಲ್ಲಿಗೇ ಮುಗೀತು," ಎಂದಳು. ಸಾವಿರಾರು ಜನರೆದುರು ಕಣ್ಣು ತೇವ ಮಾಡಿಕೊಳ್ಳದಿದ್ದ ಹುಡುಗಿ, ನೆಲದ ಮೇಲೆ ಕುಸಿದು ಬಿಕ್ಕಿಬಿಕ್ಕಿ ಅತ್ತಳು. ಪ್ಯಾಡುಗಳ ಸಮೇತ ಅವಳನ್ನು ತಬ್ಬಿ ನಾನೂ ಅಲ್ಲೇ ಕೂತೆ. ಆರ್ವಿಡ್ ಕೋಲು ಹಿಡಿದು ಅಪರಾಧಿಯಂತೆ ನಿಂತಿದ್ದರು.

ತಾವು ಕರ್ತವ್ಯ ಮಾಡಿದ್ದರೆ ನಾನು ಒಬ್ಬಳೇ ಎಲ್ಲವನ್ನೂ ನೋಡಿ, ಅವಳು ಬಂದಾಗ "ನೋಡಿದೆ, ಪರವಾಗಿಲ್ಲ ಬಿಡು" ಎಂದುಬಿಡುತ್ತಿದ್ದೆನೇನೋ. ಆದ್ದರಿಂದ ತಮಗೆ ಕೃತಜ್ಞತೆ ಸಲ್ಲಿಸಬೇಕಾಗಿ ಬಂದಿದೆ. ಈ ಪತ್ರದಲ್ಲಿ ನನಗೆ ಅತಿ ಕಷ್ಟವಾದ ವಾಕ್ಯ ಇದೇ. ಪ್ರತಿಯಾಗಿ, ಆ ಬಿಲ್ಲೆಯನ್ನು ದಯವಿಟ್ಟು ಒಂದು ಅಂಗುಲ ಎಡಕ್ಕೆ ಸರಿಸಿ ಮತ್ತೊಮ್ಮೆ ತೋರಿಸಬೇಕಾಗಿ ವಿನಂತಿ.

ತಮ್ಮ ಹಸಿರು ಕಣ್ಣನ್ನು ಇನ್ನು ನಂಬದ,
ಆದರೂ ತಮ್ಮ ವಿಶ್ವಾಸಿ,
ವರ್ನಾ ಲಾಹ್ಟಿ

ಮರೆತ ಮಾತು: ಆಟ ಮುಗಿಯುವವರೆಗೂ ರೆಕಾರ್ಡ್ ಮಾಡುವ ಸೌಲಭ್ಯ ಮೇಲಿನ ದರ್ಜೆಯ ಚಂದಾದಾರರಿಗೆ ಮಾತ್ರವೆಂದು ತಮ್ಮನ್ನು ಹೆತ್ತ ಕಂಪನಿ ತಿಳಿಸಿದೆ. ಅರ್ಧ ದಾರಿಯ ಹಿಮ ತೆಗೆದು, ಉಳಿದರ್ಧಕ್ಕೆ ಮೇಲಿನ ದರ್ಜೆ ಎನ್ನುವ ಬುದ್ಧಿ ನಮ್ಮ ಇಲಾಖೆಗೆ ಇನ್ನೂ ಹೊಳೆದಿಲ್ಲ. ಹೊಳೆದ ದಿನ, ಆ ಕಂಪನಿಯ ಕಚೇರಿಯ ಬೀದಿಯಿಂದಲೇ ಆರಂಭಿಸುತ್ತೇನೆ.