ಮೂಲೆಯ ಸೀಟಿನ ಸೆಕೆ

"ಸೆಕಿ ಆಗತೈತಿ" ಎಂದು ಹೇಳಬೇಕಿತ್ತು. ನಾನು ಹೇಳಲಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೆ ಇಷ್ಟು ಹೇಳಲು ಕಾಲೇಜು ಬೇಕೇ?

ನಮ್ಮ ಅಕ್ಕನಿಗೆ ಗಾಳಿ ಸೋಕಿದೆ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಸೋಕಿದ್ದು ನಿಜ, ರೈಲು ಬೋಗಿಯೊಳಗಿನ ಗಾಳಿ. ಬೋಗಿ ಕಟ್ಟುವ ಕಂಪನಿಯಲ್ಲಿ ಅವಳ ಕೆಲಸ. ಎ.ಸಿ. ಗಾಳಿ ಯಾವ ಸೀಟು ಮುಟ್ಟುತ್ತದೆ, ಯಾರ ಕುತ್ತಿಗೆ ಬೆವರುತ್ತದೆ ಎಂದು ಬೋಗಿ ಕಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಚಿತ್ರ ಬರೆಯುವಳು. ಕೆಂಪಾದರೆ ಸೆಕೆ, ನೀಲಿಯಾದರೆ ತಂಪು.

ಊರಿಗೆ ಬಂದರೂ ಬಿಡುವಿಲ್ಲ. ದೇವರ ಮುಂದಿನ ಊದಿನಕಡ್ಡಿ ಕಿತ್ತುಕೊಂಡು, ಅದರ ಹೊಗೆ ಎತ್ತ ಹೋಗುತ್ತದೆಂದು ನೋಡಲು ಅಡುಗೆಮನೆಯಲ್ಲಿ ಹಿಡಿದು ನಿಲ್ಲುವಳು.

"ಅವ್ವಾ, ಒಲಿ ಹೊಗಿ ಕಿಟಕಿಗೆ ಹೋಗವಲ್ದು, ನಿನ್ ಮಕಕ್ಕ ಬರಾಕತ್ತೈತಿ."

"ಮದುವಿ ಆದಾಗಿಂದ ಮಕಕ್ಕ ಬರಾಕತ್ತೈತವ್ವ. ಅದನ್ನ ಹೇಳಾಕ ನಿನ್ನ ಇಷ್ಟು ಓದಸಬೇಕಾತು," ಎಂದಳು ಅವ್ವ.

ಒಮ್ಮೆ ಕೊಟ್ಟೂರಿನಿಂದ ರೈಲಿನಲ್ಲಿ ಬರುವಾಗ, ಗಾಳಿಯ ದಿಕ್ಕು ನೋಡಲೆಂದು ಮುಂದಿನ ಸೀಟಿನ ಅಜ್ಜನ ರುಮಾಲಿಗೆ ನೂಲು ಕಟ್ಟಿದಳು. ಉಜ್ಜಿನಿ ಮಠಕ್ಕೆ ಹೋಗಿ ಬರುತ್ತಿದ್ದ ಅಜ್ಜ ಅದನ್ನು ಮಂತ್ರಿಸಿದ ದಾರವೆಂದುಕೊಂಡು ಕೈ ಮುಗಿದ. "ಇನ್ನೊಂದು ಕೊಡವ್ವ, ನಮ್ಮ ಮನ್ಯಾಕಿಗೂ ಮಂಡಿನೋವು ಐತಿ."

ಹರಪನಹಳ್ಳಿಯಲ್ಲಿ ನನ್ನದೊಂದು ಮೆಕ್ಕೆಜೋಳದ ಗೋದಾಮು. ಬೇಸಿಗೆಯಲ್ಲಿ ಅದು ಖಾಲಿಯಾದಾಗ ಅಕ್ಕ ಪ್ಲೈವುಡ್ಡಿನಲ್ಲಿ ಅರ್ಧ ಬೋಗಿ ಕಟ್ಟಿಸಿ, ಬಾಡಿಗೆ ಎ.ಸಿ. ತಂದು, ಬಳಗವನ್ನೆಲ್ಲ ಕೂರಿಸಿದಳು. ತನ್ನ ಲೆಕ್ಕ ಸರಿಯೋ ಎಂದು ಮನುಷ್ಯರ ಮೈಯನ್ನೇ ಕೇಳಬೇಕಂತೆ.

ಆದರೆ ನಮ್ಮ ಜನ ಕರೆದವರ ಮನೆಯಲ್ಲಿ ಉಪ್ಪಿಲ್ಲದ ಸಾರನ್ನೂ ಹೊಗಳಿ ಉಣ್ಣುವವರು. ಗಾಳಿಯ ಬಾಯಿಗೇ ಕೂತ ಕಾಕಾನ ಹಲ್ಲು ಕಟಕಟ ಎನ್ನುತ್ತಿತ್ತು. "ಭಾಳ ಚಲೋ ಐತವ್ವ," ಎಂದ.

ಅಕ್ಕ ತಲೆ ಚಚ್ಚಿಕೊಂಡು ನನ್ನ ಹತ್ತಿರ ಬಂದಳು. ನಾನಿದ್ದದ್ದು ಮೂಲೆಯ ಸೀಟು.

"ಇವರೆಲ್ಲ ಬೀಗರ ಮನಿಗೆ ಬಂದಂಗ ಕುಂತಾರ. ನೀನರ ಖರೇ ಹೇಳಲೇ. ಕಂಪ್ಯೂಟರಿನ್ಯಾಗ ಈ ಮೂಲಿ ಕೆಂಪಗೈತಿ."

ಅಂಗಿ ನನ್ನ ಬೆನ್ನಿಗೆ ಅಂಟಿತ್ತು. ಆದರೆ ಅಷ್ಟು ಜನರ ಮುಂದೆ ಅಕ್ಕನ ಬೋಗಿಯಲ್ಲಿ ಕುಂದು ಹುಡುಕುವುದೇ?

"ತಂಪೈತಿ ಬಿಡಕ್ಕ, ನಿದ್ದಿ ಬರಾಕತ್ತೈತಿ."

"ಮತ್ತ ಈ ಬೆವರು?"

"ಈಗ ಮಿರ್ಚಿ ತಿಂದು ಬಂದೀನಿ."

"ಹಂಗಾದ್ರ ನನ್ನ ಲೆಕ್ಕಾನ ತಪ್ಪೈತಿ. ಕಂಪ್ಯೂಟರಿಗಿಂತ ನಿನ್ನ ಮೈ ನಂಬತೀನಿ," ಎಂದಳು. ಲೆಕ್ಕ ತಿದ್ದಿದಳು. ಕೆಂಪು ಮೂಲೆ ನೀಲಿಯಾಯಿತು.

ಕಂಪನಿಯವರು ಅದನ್ನೇ ನೆಚ್ಚಿ ನಿಜವಾದ ಬೋಗಿ ಕಟ್ಟಿದರು. ಪರೀಕ್ಷೆಗೆ ಕೂತವರಲ್ಲಿ ಮೂಲೆಯ ಸೀಟಿನವರು ಬೆವರಿನಲ್ಲಿ ಮಿಂದವರಂತೆ ಎದ್ದು ಬಂದರು. ಅಕ್ಕನಿಂದ ಆ ಕೆಲಸ ಕಿತ್ತುಕೊಂಡರು.

ಈಗ ಮನೆಗೆ ಬಂದಿದ್ದಾಳೆ. ಊದಿನಕಡ್ಡಿ ದೇವರ ಮುಂದೆಯೇ ಉರಿದು ಬೂದಿಯಾಗುತ್ತದೆ. ಫ್ಯಾನು ನಿಂತರೂ ಅವಳು ತಲೆ ಎತ್ತುವುದಿಲ್ಲ. ಅವಳನ್ನು ಗೇಲಿ ಮಾಡಲೂ ಏನೂ ಉಳಿದಿಲ್ಲ.

ನಿನ್ನೆ ಒಲೆಯ ಹೊಗೆ ಅವ್ವನ ಮುಖಕ್ಕೆ ನುಗ್ಗಿತು. ಅವ್ವ ಬೇಕೆಂದೇ ಕೇಳಿದಳು: "ಇದು ಎತ್ತಾಗಿಂದ ಎತ್ತಾಗ ಹೋಗತೈತವ್ವ?"

"ನನಗ ಗಾಳಿ ಲೆಕ್ಕ ಬರೂದಿಲ್ಲಬೇ," ಎಂದಳು ಅಕ್ಕ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆಗೇ ಇರಬಹುದು. ನಾನು ಹೋಗಿ ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತೆ.

"ಅಕ್ಕಾ, ಅವತ್ತು ಮೂಲ್ಯಾಗ ಸೆಕಿ ಇತ್ತು. ನಾ ಮಿರ್ಚಿ ತಿಂದಿರಲಿಲ್ಲ. ನಿನ್ನ ಲೆಕ್ಕ ಖರೇ ಇತ್ತು. ನನ್ನಿಂದ ತಪ್ಪಾತು, ಅಕ್ಕಾ."