ಕ್ಲಬ್ಬಿನ ಇತಿಹಾಸದಲ್ಲಿ ನಾನು ಬರೆಯದೆ ಬಿಟ್ಟದ್ದು

ಕೆಲವರನ್ನು ಅದೃಷ್ಟ ಬೆನ್ನು ಹತ್ತುತ್ತದೆ, ನನ್ನನ್ನು ಅವಮಾನ. ಅದೂ ಮನೆಯಲ್ಲಿ ಒಬ್ಬನೇ ಇದ್ದಾಗ ಬರುವುದಿಲ್ಲ, ನಾಲ್ಕು ಮಂದಿ ನೋಡುತ್ತಿರುವಾಗಲೇ ಬರುತ್ತದೆ. ನಾನು ಹೊಸಪೇಟೆಯ ಒಂದು ಹ್ಯಾಂಡ್‌ಬಾಲ್ ಕ್ಲಬ್ಬಿನ ಮ್ಯಾನೇಜರ್. ಆಟಗಾರರಿಗೆ ತಿಂಗಳ ಸಂಬಳ ಕೊಡುವ ವೃತ್ತಿಪರ ಕ್ಲಬ್ಬು, ಸಂಡೂರಿನ ಕಡೆ ಅದಿರು ಲಾರಿ ಓಡಿಸುವ ನಮ್ಮ ಮಾಲೀಕರು ಕಟ್ಟಿದ್ದು. ಈ ವರ್ಷ ಲೀಗಿನಲ್ಲಿ ಮೇಲಿನ ದರ್ಜೆಗೆ ಏರಿದ್ದೇವೆ. ಆಫೀಸಿನ ಗೋಡೆಗೆ ಹಾಕಲು ಕ್ಲಬ್ಬಿನ ಇತಿಹಾಸ ಬರೆ ಅಂದರು, ಬರೆದೆ. ದೂರದೃಷ್ಟಿ, ಶಿಸ್ತು, ಪರಿಶ್ರಮ ಎಲ್ಲ ಅದರಲ್ಲಿವೆ. ಈಗ ಹೇಳುವುದು ಯಾವುದೂ ಅದರಲ್ಲಿಲ್ಲ.

೧. ಹನ್ನೊಂದು ಮಂದಿ

ಆಗ ನಾನು ಮಾಲೀಕರ ಲಾರಿ ಆಫೀಸಿನಲ್ಲಿ ಟ್ರಿಪ್ ಚೀಟಿ ಹರಿದುಕೊಡುತ್ತಿದ್ದೆ. ಒಂದು ದಿನ ಕರೆದು, "ಹ್ಯಾಂಡ್‌ಬಾಲ್ ಗೊತ್ತೈತೇನು?" ಅಂದರು. ಗೊತ್ತಿಲ್ಲ ಅಂದರೆ ಜೀವನವಿಡೀ ಚೀಟಿ ಹರಿಯಬೇಕು.

"ಗೊತ್ತೈತ್ರಿ."

"ಎಷ್ಟು ಮಂದಿ ಆಡ್ತಾರ?"

"ಹನ್ನೊಂದು ಮಂದಿರಿ."

ಅವರು ತಲೆಯಾಡಿಸಿದರು. ಅವರಿಗೂ ಗೊತ್ತಿರಲಿಲ್ಲ. ಹಾಗೆ ನಾನು ಮ್ಯಾನೇಜರ್ ಆದೆ.

ಮೊದಲ ಪಂದ್ಯದ ದಿನ ಕೋಚ್ ಬರಬೇಕಿದ್ದ ರೈಲು ತಡವಾಯಿತು. ತಂಡ ಇಳಿಸುವ ಕೆಲಸ ನನ್ನ ತಲೆಗೆ ಬಂತು. ಒಬ್ಬ ಹುಡುಗ ಮೆಲ್ಲಗೆ, "ಸರ್, ಅಂಕಣಕ್ಕ ಇಳಿಯೋದು ಏಳ ಮಂದಿರಿ" ಅಂದ.

"ಮ್ಯಾನೇಜರ್ ನೀನೋ ನಾನೋ? ಹೇಳಿದಷ್ಟು ಮಾಡ್ರಿ" ಅಂದೆ.

ಹನ್ನೊಂದು ಮಂದಿ ಎದೆ ಸೆಟೆಸಿಕೊಂಡು ಇಳಿದರು. ರೆಫರಿ ಒಮ್ಮೆ ಎಣಿಸಿದರು, ಕಣ್ಣೊರೆಸಿಕೊಂಡು ಮತ್ತೊಮ್ಮೆ ಎಣಿಸಿದರು, ನಾಲ್ವರಿಗೆ ಹೊರಗೆ ಹೋಗುವಂತೆ ಕೈ ತೋರಿಸಿದರು. ಮೊದಲ ಸಾಲಿನಲ್ಲಿದ್ದ ಮಾಲೀಕರು ಧಡಕ್ಕನೆ ಎದ್ದು ನಿಂತರು.

"ಏನಲೇ ಇದು! ಆಟ ಶುರು ಆಗೋಕಿಂತ ಮೊದ್ಲ ನಾಲ್ಕು ವಿಕೆಟ್ ಬಿದ್ವು!"

"ಎದುರಿನವ್ರು ಹೆದರ್ಲಿ ಅಂತ ಬೇಕಂತ ಮಾಡಿದ್ದುರಿ" ಅಂದೆ. ನಂಬಿದರು. ಮುಂದಿನ ಪಂದ್ಯಕ್ಕೆ ಮುಂಚೆ ಫೋನ್ ಮಾಡಿ, "ಈ ಸಲ ಹದಿನೈದು ಮಂದೀನ ಇಳಿಸು" ಅಂದರು.

೨. ನಮ್ಮ ಗೋಲ್‌ಕೀಪರ್

ನಮ್ಮ ಗೋಲ್‌ಕೀಪರ್ ಆಗ ತೋರಣಗಲ್ಲಿನ ಕಡೆ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ. ಶಿಫ್ಟ್ ಮುಗಿಸಿ ಬಸ್ಸು ಹತ್ತಿ ನೇರ ಮೈದಾನಕ್ಕೇ ಬರುತ್ತಿದ್ದ.

ಸಂಡೂರಿನ ಪಂದ್ಯದಲ್ಲಿ ನಾವು ಒಂದೇ ಗೋಲಿನಿಂದ ಮುಂದಿದ್ದೆವು. ಕೊನೆಯ ಗಳಿಗೆಯಲ್ಲಿ ಎದುರಿನವರಿಗೆ ಪೆನಾಲ್ಟಿ ಸಿಕ್ಕಿತು. ಗೋಲ್‌ಕೀಪರ್ ಎರಡೂ ಕೈ ಚಾಚಿ, ಕಣ್ಣು ಮುಚ್ಚಿ, ಅಲುಗಾಡದೆ ನಿಂತಿದ್ದ. ನನ್ನ ಪಕ್ಕದ ಪತ್ರಕರ್ತರು, "ಏನ್ರಿ ಇವ್ರು ಕಣ್ಣ ತೆಗೀವಲ್ರು?" ಅಂದರು.

"ಧ್ಯಾನ ಮಾಡ್ತಾನ್ರಿ. ನಾನ ಕಲಿಸಿದ್ದು" ಅಂದೆ.

ಚೆಂಡು ನೇರ ಅವನ ಎದೆಗೆ ಬಡಿದು ಆಚೆ ಸಿಡಿಯಿತು. ರೆಫರಿ ಸೀಟಿ ಊದಿದರು. ಕ್ಲಬ್ಬಿನ ಮೊದಲ ಗೆಲುವು! ನಾನು ಓಡಿಹೋಗಿ ಅವನನ್ನು ತಬ್ಬಿಕೊಂಡೆ, ಪತ್ರಕರ್ತರೂ ಹಿಂದೆಯೇ ಬಂದರು. ಅವನು ಬೆಚ್ಚಿ ಕಣ್ಣು ಬಿಟ್ಟ.

"ನಮ್ ಸ್ಟಾಪ್ ಬಂತೇನ್ರಿ ಸರ್?"

೩. ಕಡ್ಡಿರಾಂಪುರದ ಅತಿಥಿ

ಆ ಗೆಲುವಿನ ಅಮಲಿನಲ್ಲಿ, "ಕಾರ್ಖಾನಿ ಬಿಟ್ಟು ಬಾ, ಕ್ಲಬ್ಬು ನಿನ್ನ ಕೈ ಬಿಡೂದಿಲ್ಲ" ಎಂದು ಗೋಲ್‌ಕೀಪರನನ್ನು ಕೆಲಸ ಬಿಡಿಸಿದವನು ನಾನೇ. ಅವನ ಹೆಂಡತಿ ಆಗ ಬಸುರಿ. "ನಿಮ್ಮನ್ನ ನಂಬೀನ್ರಿ" ಅಂದು ಬಂದ.

ಕಡ್ಡಿರಾಂಪುರದ ಬಯಲಲ್ಲಿ ಅಭ್ಯಾಸ ನಡೆಯುತ್ತಿತ್ತು. ಹಂಪಿ ನೋಡಲು ಬಂದು ಅಲ್ಲೇ ಹೋಮ್‌ಸ್ಟೇಯಲ್ಲಿ ಇಳಿದುಕೊಂಡಿದ್ದ ಬಿಳಿಗೂದಲಿನ ವಿದೇಶಿ ಹೆಂಗಸೊಬ್ಬರು ದಿನಾ ಬಂದು ನೋಡುತ್ತಿದ್ದರು. ಪಾಪ, ಆಟ ಗೊತ್ತಿಲ್ಲವೇನೋ ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಅರ್ಧ ತಾಸು ನಿಯಮ ವಿವರಿಸಿದೆ. ತಾಳ್ಮೆಯಿಂದ ಕೇಳಿ, ಚೆಂಡು ಕೊಡಿ ಅಂದರು. ಚಪ್ಪಲಿ ಬಿಟ್ಟು ಮೂರು ಹೆಜ್ಜೆ ಓಡಿ ಎಸೆದರು. ಗೋಲು. ಈ ಸಲ ಗೋಲ್‌ಕೀಪರ್ ಎಚ್ಚರವಾಗಿದ್ದ.

ಅತಿಥಿ ಅಂತ ನಾವೇ ಬಿಟ್ಟೆವು ಎಂದು ನಕ್ಕೆ. "ಹಾಗಾದರೆ ಈಗ ಬಿಡಬೇಡಿ" ಎಂದು ಮತ್ತೆ ನಾಲ್ಕು ಹಾಕಿದರು. ಆಮೇಲೆ ಅವರ ಗಂಡ ಹೇಳಿದ್ದು, ಆಕೆ ಹರೆಯದಲ್ಲಿ ತಮ್ಮ ದೇಶದ ತಂಡಕ್ಕೇ ಆಡಿದವರಂತೆ. ಕಾರಿನಲ್ಲಿ ಕುಳಿತು ನೋಡುತ್ತಿದ್ದ ಮಾಲೀಕರು ಗಾಜು ಇಳಿಸಿದರು.

"ಅದೆಲ್ಲಾ ಇರ್ಲಿ. ಅರ್ಧ ತಾಸು ಆಕಿಗೆ ನೀ ಕಲಿಸಿದ್ದೇನು?"

೪. ಕಂಪ್ಲಿಯ ಕೊನೆ ಪಂದ್ಯ

ಹೋದ ಲೀಗಿನ ಕೊನೆ ಪಂದ್ಯ. ಹೊಸಪೇಟೆಯ ಮೈದಾನದಲ್ಲಿ ಯಾರದೋ ಮದುವೆಯ ಪೆಂಡಾಲು ಬಿದ್ದಿತ್ತು, ಆಟ ಕಂಪ್ಲಿಗೆ ಹೋಯಿತು. ಮಾಲೀಕರು ಮೊದಲೇ ಹೇಳಿದ್ದರು: "ಗೆದ್ರ ಮ್ಯಾಲಿನ ದರ್ಜೆ. ಸೋತ್ರ ಕ್ಲಬ್ಬು ಬಂದ್." ಗೋಲ್‌ಕೀಪರ್ ನನ್ನ ಮುಖ ನೋಡಿದ. ಅವನ ಮಗಳಿಗೆ ಆಗ ಎರಡು ತಿಂಗಳು.

ಈ ಆಟದಲ್ಲಿ ಚೆಂಡು ಜಾರಬಾರದೆಂದು ಬೆರಳಿಗೆ ಒಂದು ಅಂಟು ಹಚ್ಚಿಕೊಳ್ಳುತ್ತಾರೆ. ಆ ಡಬ್ಬಿ ತರುವುದೊಂದೇ ನನ್ನ ಕೆಲಸ. ಡಬ್ಬಿ ನಮ್ಮ ಮನೆಯ ಫ್ರಿಡ್ಜಿನ ಮೇಲೆ ಕುಳಿತಿತ್ತು. ಹೇಳುವ ಧೈರ್ಯ ಬರಲಿಲ್ಲ. ಹತ್ತಿರದ ಕಬ್ಬಿನ ಗದ್ದೆಯ ಆಲೆಮನೆಗೆ ಓಡಿ, ಒಂದು ಡಬ್ಬಿ ಜೋನಿಬೆಲ್ಲ ತಂದೆ. "ಫಾರಿನ್ ಮಾಲು, ಹೊಸಾದು" ಎಂದು ಹಂಚಿ, ಡಬ್ಬಿಯನ್ನು ನನ್ನ ಚೀಲದಲ್ಲಿ ಅಡಗಿಸಿದೆ. ಗೋಲ್‌ಕೀಪರ್ ಬೆರಳು ಮೂಸಿ ನನ್ನನ್ನು ನೋಡಿದ, ಗೋಲಿನ ಕಡೆ ನಡೆದ.

ಮೊದಲರ್ಧ ಮಸ್ತ್ ನಡೆಯಿತು. ವಿರಾಮದಲ್ಲಿ ಎದುರಿನವರೂ ಬಂದು "ನಮಗೂ ಒಂಚೂರು ಕೊಡ್ರಿ" ಎಂದು ನಮ್ಮ ಹುಡುಗರ ಬೆರಳಿನಿಂದಲೇ ಹಚ್ಚಿಸಿಕೊಂಡು ಹೋದರು. ಆಮೇಲೆ ಬಿಸಿಲೇರಿತು, ಪಾಕ ಗಟ್ಟಿಯಾಯಿತು. ಎಸೆದರೆ ಕೈ ಹೋಗುತ್ತದೆ, ಚೆಂಡು ಹೋಗುವುದಿಲ್ಲ. ಇಡೀ ಕಂಪ್ಲಿಯ ನೊಣ ಅಂಕಣಕ್ಕಿಳಿದವು. ಕೊನೆಗೆ ನಾವು ಒಂದು ಗೋಲು ಮುಂದಿದ್ದಾಗ ಅವರಿಗೆ ಪೆನಾಲ್ಟಿ. ನಮ್ಮವನು ಒಂದು ಕೈ ಚಾಚಿದ, ಚೆಂಡು ಬಂದು ಅಂಗೈಗೆ ಮೆತ್ತಿಕೊಂಡು ಅಲ್ಲೇ ನಿಂತಿತು. ಕೊಡವಿದರೂ ಬೀಳಲಿಲ್ಲ. ಸೀಟಿ ಬಿತ್ತು, ಗೆದ್ದೆವು.

ಎದುರಿನ ಕೋಚ್ ತಕರಾರು ತೆಗೆದರು. ರೆಫರಿ ಚೆಂಡಿಗೆ ಬೆರಳು ಮುಟ್ಟಿಸಿ ನಾಲಿಗೆಗಿಟ್ಟುಕೊಂಡರು.

"ಬೆಲ್ಲ! ಯಾರು ತಂದಿದ್ದಿದು? ಪಂದ್ಯ ರದ್ದು ಮಾಡಬೇಕಾಗ್ತದ."

ಹುಡುಗರು ತಮ್ಮ ತಮ್ಮ ಬೆರಳು ನೆಕ್ಕಿ ನೋಡಿದರು. ನಾನು ಆಕಾಶ ನೋಡಿದೆ. ಆಗ ಗೋಲ್‌ಕೀಪರ್ ಚೆಂಡು ಮೆತ್ತಿದ ಕೈಯನ್ನೇ ಮೇಲೆತ್ತಿ, "ನಾನ್ ತಂದೀನ್ರಿ. ನನ್ನೊಬ್ಬನ್ನ ತೆಗದುಹಾಕ್ರಿ, ಪಂದ್ಯ ರದ್ದು ಮಾಡಬ್ಯಾಡ್ರಿ" ಅಂದ. ನನ್ನನ್ನು ನಂಬಿ ಕೆಲಸ ಬಿಟ್ಟು ಬಂದವನು. ನನಗಾದ ನಾಚಿಕೆ ಅಷ್ಟಿಷ್ಟಲ್ಲ. ಆದರೂ ಬಾಯಿ ಬಿಡಲಿಲ್ಲ, ಅದನ್ನು ನೆನೆದರೆ ಇವತ್ತಿಗೂ ಊಟ ಸೇರುವುದಿಲ್ಲ. ರೆಫರಿ ಅವನ ಹೆಸರು ಬರೆಯಲು ಪೆನ್ನು ತೆಗೆದರು.

ಮಾಲೀಕರು ಮಾತ್ರ ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ಅಲ್ಲೊಂದು ಇರುವೆ ಸಾಲು. ಗೋಲಿನ ಕಡೆಯಿಂದ ಹೊರಟು, ಗೋಲ್‌ಕೀಪರನನ್ನು ಮೂಸಿಯೂ ನೋಡದೆ, ಕೋಚನ್ನೂ ದಾಟಿ, ನನ್ನ ಕುರ್ಚಿಯ ಕಾಲು ಹತ್ತಿ, ಸೀದಾ ನನ್ನ ಚೀಲದೊಳಕ್ಕೆ ಇಳಿಯುತ್ತಿತ್ತು. ಮಾಲೀಕರ ಬೆರಳು ಅದರ ಹಿಂದೆಯೇ ಬಂತು. ಎಲ್ಲರ ಕಣ್ಣೂ ಬಂದವು.

"ನಾನ ತಂದೀನ್ರಿ" ಅಂದೆ. ಡಬ್ಬಿ ತೆಗೆದು ಮುಂದಿಟ್ಟೆ.

ಎದುರಿನ ಕ್ಯಾಪ್ಟನ್ ದೊಡ್ಡ ಮನಸ್ಸಿನವನು. ತನ್ನ ಅಂಗೈ ತೋರಿಸಿ, "ನಾವೂ ಹಚ್ಗೊಂಡೀವ್ರಿ" ಅಂದ. ಎರಡೂ ಕಡೆಯವರು ಹಚ್ಚಿಕೊಂಡ ಮೇಲೆ ಯಾರ ಮೇಲೆ ಬರೆಯುವುದು ಎಂದು ರೆಫರಿ ಪೆನ್ನು ಜೇಬಿಗಿಟ್ಟರು. ಗೆಲುವು ಉಳಿಯಿತು, ಕ್ಲಬ್ಬೂ ಉಳಿಯಿತು, ಗೋಲ್‌ಕೀಪರನ ಸಂಬಳವೂ ಉಳಿಯಿತು.

ಮಾಲೀಕರು ನನ್ನ ಹತ್ತಿರ ಬಂದರು. ಬೈಗುಳಕ್ಕೆ ತಲೆ ಬಗ್ಗಿಸಿ ನಿಂತೆ.

"ಇಷ್ಟು ವರ್ಷದಾಗ ಆಟಕ್ಕ ಉಪಯೋಗ ಆಗುವಂಥಾ ಕೆಲ್ಸ ನೀ ಮಾಡಿದ್ದು ಇದೊಂದ ಲೇ" ಅಂದರು. "ಅದನ್ನೂ ಒಪ್ಗೊಳ್ಳಾಕ ಇರಿವಿ ಬಂದು ಹೇಳಬೇಕಾತು!"