ಕೈ ತೊಳಕೊಂಡೀರೇನ್ರಿ?

ನನ್ನ ಹಣೇಬರಾನ ಹಂಗೋ ಏನೋ, ನಾ ಕಾಲಿಟ್ಟ ದವಾಖಾನ್ಯಾಗ ನಗು ಬರೂವಂಥಾದ್ದು ಒಂದರೆ ಆಗ್ತೈತಿ. ಆದ್ರ ಅಲ್ಲೆ ನಗಾಕ ಬರೂದಿಲ್ಲ, ಕೊರಳಾಗ ಗುರುತಿನ ಚೀಟಿ ಇರತೈತಿ. ಬಸ್ಸಿನ್ಯಾಗ ಕುಂತಮ್ಯಾಲೆ ಒಬ್ಬಾಕಿನ ನಗ್ತೇನಿ. ಬಾಜೂಕ ಕುಂತಾವರು ಸರದು ಕುಂದರ್ತಾರ.

ನಾ ನರ್ಸ್ ಆಗಿ ಇಪ್ಪತ್ತೆಂಟು ವರ್ಷ ಆತು. ಈಗ ಮೂರು ವರ್ಷದಿಂದ ನನ್ನ ಕೆಲಸ ಅಂದ್ರ ದವಾಖಾನಿ ದವಾಖಾನಿ ತಿರುಗೂದು. ಒಬ್ಬರ ಜಡ್ಡು ಇನ್ನೊಬ್ಬರಿಗೆ ಹತ್ತದಂಗ ಅಲ್ಲಿಯವರು ನೋಡಕೋತಾರೋ ಇಲ್ಲೋ ಅಂತ ತಪಾಸಣಿ ಮಾಡೂದು. ಕೈ ತೊಳೀತಾರೇನು, ಸೂಜಿ ಎಲ್ಲೆ ಒಗೀತಾರ, ಕತ್ತರಿ ಚಿಮಟಾ ಹೆಂಗ ಸ್ವಚ್ಛ ಮಾಡ್ತಾರ, ಎಲ್ಲಾ ನೋಡಿ ಒಂದು ಉದ್ದನ ಹಾಳಿ ಮ್ಯಾಲೆ ‘ಹೌದು’ ‘ಇಲ್ಲ’ ಅಂತ ಬರಿಯೂದು. ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ, ಈ ನಾಕು ತಾಲೂಕು ನನ್ನ ಪಾಲಿಗೆ. ಸರಕಾರದ್ದು, ಖಾಸಗಿದ್ದು ಎಲ್ಲಾ ಬಂತು. ಯಾವುದು ಯಾವ ಊರಾಗ ಆತು ಅಂತ ಮಾತ್ರ ಕೇಳಬ್ಯಾಡ್ರಿ. ಹೇಳಿದ್ರ ನಾಳೆ ಅಲ್ಲೆ ನನಗ ಚಾ ಸುದ್ದಾ ಸಿಗೂದಿಲ್ಲ.

ಈ ಸಲ ನಕ್ಕಿದ್ದು ಕಡಿಮಿ. ನಮ್ಮವ್ವ ತಿಳವಳ್ಳಿ ಊರಾಗ ಬಚ್ಚಲದಾಗ ಜಾರಿ ಬಿದ್ಲು, ತೊಡಿ ಎಲುಬು ಮುರೀತು. “ಯಾವ ದವಾಖಾನಿಗೆ ಒಯ್ಯೂಣು?” ಅಂತ ಅಣ್ಣ ಫೋನಿನ್ಯಾಗ ಕೇಳಿದಾಗ ನಾನ ಒಂದರ ಹೆಸರ ಹೇಳಿದ್ನಿ. ಯಾಕಂದ್ರ ಹೋದ ವರ್ಷ ಅದರ ಹಾಳಿ ಮ್ಯಾಲೆ ಎಲ್ಲಾ ‘ಹೌದು’ ಬರದು ಬಂದಾಕಿ ನಾನ. ಆಪರೇಶನ್ ಚಲೋ ಆತು, ಒಳಗ ರಾಡ್ ಕುಂತಿತು. ಎಂಟನೇ ದಿನಕ್ಕ ಹೊಲಿಗಿ ಕೆಂಪಾತು, ಹತ್ತನೇ ದಿನಕ್ಕ ಕೀವು ಬಂತು.

ಡಾಕ್ಟರು ನನ್ನ ಹೊರಗ ಕರದು ಅಂದ್ರು, “ಔಷಧ ನಡಸೇವಿ. ಬರೂ ಸೋಮವಾರದೊಳಗ ಗಾಯ ಒಣಗಿದ್ರ ಚಲೋ. ಇಲ್ಲಾಂದ್ರ ಮತ್ತ ಬಿಚ್ಚಬೇಕು, ರಾಡೂ ತಗೀಬೇಕಾದೀತು. ಈ ವಯಸ್ಸಿನ್ಯಾಗ ಎರಡನೇ ಸಲ ಅನಸ್ತೇಶಿಯಾ ಅಂದ್ರ...” ನರ್ಸಿಗೆ ಉಳದದ್ದು ಹೇಳೂದು ಬೇಕಾಗಿದ್ದಿಲ್ಲ.

ಸೋಮವಾರಕ್ಕ ಒಂದು ವಾರ ಇತ್ತು. ರಜಾ ಕೇಳಿದ್ನಿ, ಸಿಗಲಿಲ್ಲ. ಹಗಲೆಲ್ಲಾ ತಪಾಸಣಿ, ಸಂಜೀಕ ಅವ್ವನ ಕಡೆ. ನಡುವ ಬಸ್ಸು. ಆ ವಾರದ ಮಾತು ಇವು.

೧. ಉದ್ಘಾಟನಾ

ನಾ ಬರೂ ಸುದ್ದಿ ನನ್ನಕಿಂತ ಮೊದಲ ಮುಟ್ಟತೈತಿ. ಶಿಗ್ಗಾಂವ ಸ್ಟ್ಯಾಂಡಿನ್ಯಾಗ ನಾ ಬಸ್ ಹತ್ತೂದನ್ನ ಯಾರೋ ನೋಡಿರತಾರ, ಫೋನ್ ಹೋಗಿರತೈತಿ. ನಾ ಇಳಿಯೂದ್ರಾಗ ಅಲ್ಲೆ ಚಾದರ ಬದಲಿ ಆಗಿ, ನೆಲಾ ಒರಸಿ, ಫಿನಾಯಿಲ್ ವಾಸನಿ ಗೇಟಿಗೆ ಬಂದು ನಿಂತಿರತೈತಿ.

ಮಂಗಳವಾರ ಒಂದು ದವಾಖಾನ್ಯಾಗ ಹಾಸಿಗಿಗೊಂದು ಸ್ಯಾನಿಟೈಸರ್ ಬಾಟ್ಲಿ ಇಟ್ಟಿದ್ರು. ಬಾಟ್ಲಿ ಸಾಲು ನೋಡಿ ಖುಷಿ ಆತು. ಒಂದನ್ನ ಒತ್ತಿದ್ನಿ, ಏನೂ ಬರಲಿಲ್ಲ. ಎತ್ತಿ ನೋಡಿದ್ರ ಬಾಯಿ ಸೀಲ ಬಿಚ್ಚಿದ್ದಿಲ್ಲ.

“ಇವನ್ನ ಯಾವಾಗ ಇಟ್ರಿ ಸಿಸ್ಟರ್?”

“ಭಾಳ ದಿನಾ ಆತ್ರಿ ಮೇಡಮ್ಮಾರ,” ಅಂದ್ಲು ಅಲ್ಲಿ ಹೆಡ್ ಸಿಸ್ಟರ್.

“ಮತ್ತ ಯಾರೂ ಮುಟ್ಟೇ ಇಲ್ಲಲ್ಲ?”

“ನಿಮ್ಮ ಕೈಲೆ ಉದ್ಘಾಟನಾ ಆಗ್ಲಿ ಅಂತ ಬಿಟ್ಟೇವ್ರಿ.”

ನಾ ಚ್ಯಾಷ್ಟಿ ಅಂದ್ಕೊಂಡ್ನಿ. ಅಷ್ಟರಾಗ ಆಯಾ ಒಂದು ತಾಟಿನ್ಯಾಗ ಅರಿಷಿಣ ಕುಂಕುಮ, ಹೂವು, ತೆಂಗಿನಕಾಯಿ ಹಿಡಕೊಂಡ ಬಂದ್ಲು! ಬ್ಯಾಡ ಬ್ಯಾಡ ಅಂದ್ರೂ ಬಿಡಲಿಲ್ಲ, ನನ್ನ ಕೈಲೆ ಕಾಯಿ ಒಡಸಿದ್ರು, ಫೋಟೋನೂ ಹೊಡದ್ರು. ಅಲ್ಲಿಂದ ಆಪರೇಶನ್ ಖೋಲಿ ಕಡೆ ಹೋದ್ನಿ. ಕತ್ತರಿ ಚಿಮಟಾ ಉಗಿಯಾಗ ಇಟ್ಟು ಕ್ರಿಮಿ ಸಾಯಿಸೂ ಮಷೀನು ಅಲ್ಲೆ ಇತ್ತು. ಅದರ ಹಣಿಗೆ ಮೂರು ಬೆರಳಿನ ವಿಭೂತಿ, ಕೊರಳಿಗೆ ಒಣಗಿದ ಚೆಂಡಹೂವಿನ ಮಾಲಿ.

“ಇದರ ಪರೀಕ್ಷಾ ಯಾವಾಗ ಮಾಡಿದ್ರಿ?”

“ಆಯುಧಪೂಜಾಕ್ಕರಿ.”

“ಪೂಜಾ ಅಲ್ಲವಾ, ಪರೀಕ್ಷಾ.”

“ಪೂಜಾ ಮಾಡಿ ಗುಂಡಿ ಒತ್ತಿದ್ವಿ, ಚಾಲೂ ಆತಲ್ರಿ ಮೇಡಮ್ಮಾರ. ಅದಕಿಂತ ದೊಡ್ಡ ಪರೀಕ್ಷಾ ಯಾವುದೈತ್ರಿ?”

ಸಂಜೀಕ ಬಸ್ ಇಳದಾಕಿನ ಅವ್ವನ ವಾರ್ಡಿಗೆ ಓಡಿದ್ನಿ. ಪಟ್ಟಿ ಎತ್ತಿ ನೋಡಿದ್ನಿ. ಹಸೀನ ಇತ್ತು. ಕಾಯಿ ಒಡದ ಕಥಿ ಹೇಳಿದ್ರ ಅವ್ವ, “ನಗಸಬ್ಯಾಡ, ಖೋಡಿ, ಹೊಲಿಗಿ ಜಗ್ಗತಾವ,” ಅಂತ ತುಟಿ ಕಚ್ಚಿ ಹಿಡದ್ಲು. ಆಕಿ ಕಣ್ಣಾಗ ನೀರು ಬಂತು. ನಗೂದಕ್ಕೋ ಬ್ಯಾನಿಗೋ ಕೇಳಾಕ ಧೈರ್ಯ ಆಗಲಿಲ್ಲ.

೨. ಎರಡು ಹಿಡಿಕಿ

ಬುಧವಾರ ನಾ ಯಾರಿಗೂ ಹೇಳದ ಹೋದ್ನಿ. ಹಿರೇಕೆರೂರ ಬಸ್ ಹತ್ತಿ, ನಡುವ ಇಳದು, ಟಂಟಂ ಹಿಡದು, ಹಿತ್ತಲ ಬಾಗಲದಿಂದ ಒಳಗ ಹೊಕ್ಕನಿ. ಕಳ್ಳರ ಸುದ್ದಾ ಇಷ್ಟು ತ್ರಾಸ ತಗೊಳ್ಳಂಗಿಲ್ಲ.

ಸಂಡಾಸ ಒರಸೂ ಮಾಪು ಬ್ಯಾರೆ, ವಾರ್ಡ್ ಒರಸೂದು ಬ್ಯಾರೆ, ಹೆರಿಗಿ ಖೋಲಿದು ಇನ್ನೂ ಬ್ಯಾರೆ ಇರಬೇಕು ಅಂತ ನಿಯಮ. ನಾ ಹೊಕ್ಕಾಗ ನೆಲಾ ಒರಸೂ ಅಕ್ಕ ಕೆಂಪು ಹಿಡಿಕಿ ಮಾಪು ಹಿಡಕೊಂಡು ಸಂಡಾಸದಿಂದ ಹೊರಗ ಬಂದ್ಲು. ನಾ ಕಂಬದ ಮರೀಗೆ ನಿಂತ್ನಿ. ಆಕಿ ಮೂಲ್ಯಾಗ ಕುಂತು ಹಿಡಿಕಿ ತಿರುವಿ ತಿರುವಿ ತಗದ್ಲು, ಗ್ವಾಡಿಗೆ ಆನಿಸಿದ್ದ ನೀಲಿ ಹಿಡಿಕಿ ತಗೊಂಡು ಅದ ಮಾಪಿಗೆ ಸಿಗಿಸಿದ್ಲು, ಸೀದಾ ಹೆರಿಗಿ ಖೋಲಿಗೆ ನಡದ್ಲು.

“ಏ ಯಕ್ಕಾ, ನಿಲ್ಲ! ಏನ ಮಾಡಾಕತ್ತಿ?”

ಆಕಿ ಹೆದರಲಿಲ್ಲ. ನಿಂತು, ತಿಳಿಸಿ ಹೇಳೂವರಂಗ ಅಂದ್ಲು, “ಕೆಂಪು ಹಿಡಿಕಿ ಸಂಡಾಸಕ್ಕ, ನೀಲಿ ಹಿಡಿಕಿ ಒಳಗರಿ. ಹೋದ ಸಲ ಬಂದ ಮೇಡಮ್ಮಾರು ಹೇಳಿ ಹೋಗ್ಯಾರ. ಒಂದು ದಿನಾನೂ ತಪ್ಪಿಸಿಲ್ಲ ನೋಡ್ರಿ.”

ಹೋದ ಸಲ ಬಂದ ಮೇಡಮ್ಮಾರು ಅಂದ್ರ ನಾನ. ಹಿಡಿಕಿ ಬಣ್ಣ ಹೇಳಿ ಬಂದಿದ್ನಿ, ಒರಸೂ ಅರಿಬಿನೂ ಬ್ಯಾರೆ ಇರಬೇಕು ಅನ್ನೂದು ಬಿಟ್ಟಿದ್ನಿ.

ಆ ಸಂಜೀಕ ಅವ್ವನ ವಾರ್ಡಿನ ಮಾಪು, ಬಕೀಟು, ಮೂಲಿ ಮೂಲಿ ಹುಡುಕಿದ್ನಿ. ಎಲ್ಲಾ ಸರಿ ಇದ್ವು. ಸರಿ ಇದ್ದಷ್ಟೂ ನನಗ ಸಿಟ್ಟು ಬರಾಕತ್ತಿತು. ಎಲ್ಲಾ ಸರಿ ಇದ್ರ ಈ ಕೀವು ಎಲ್ಲಿಂದ ಬಂತು? ಪಟ್ಟಿ ಎತ್ತಿ ನೋಡಿದ್ನಿ. ಹಸಿ.

೩. ಕೆಂಪು ಡಬ್ಬಿ

ಇದು ಸಣ್ಣದು. ಒಂದು ದವಾಖಾನ್ಯಾಗ ಹಳದಿ, ಕೆಂಪು, ನೀಲಿ, ಬಿಳಿ, ನಾಕೂ ಕಸದ ಡಬ್ಬಿ ಇದ್ವು. ಯಾವುದರಾಗ ಏನ ಹಾಕಬೇಕು ಅಂತ ಮ್ಯಾಲೆ ಬೋರ್ಡು. ಮುಚ್ಚಳ ತಗದ್ರ ನಾಕರಾಗೂ ಅದ, ಬಾಳಿಹಣ್ಣಿನ ಸಿಪ್ಪಿ, ಚುರುಮುರಿ ಕಾಗದ, ಒಂದು ಚಪ್ಪಲಿ. ಕೆಂಪು ಡಬ್ಬಿ ಪ್ಲಾಸ್ಟಿಕ್ ನಳಿಗಿ ಹಾಕೂದು. ಸೊಸಿ ಬಾಣಂತನಕ್ಕಂತ ಬಂದಿದ್ದ ಒಬ್ಬ ಮುದುಕಪ್ಪ ಸವಣೂರ ಎಲಿ ಅಡಿಕಿ ಮೆಲ್ಲಕೋತ ಬಂದು, ಕಾಲಿಲೆ ಮುಚ್ಚಳ ಎತ್ತಿ, ಒಂದು ಹನಿ ಹೊರಗ ಬೀಳದಂಗ ಅದರಾಗ ಉಗುಳಿದ.

“ಅಜ್ಜಾ, ಅದು ಉಗುಳಾಕ ಅಲ್ಲೋ!”

“ಹಳದಿದ್ರಾಗ ಉಗುಳಿದ್ರ ಎದ್ದ ಕಾಣತೈತಿ ತಂಗಿ. ಅದಕ್ಕ ಕೆಂಪರಾಗ ಉಗುಳೇನಿ.”

ನಾ ಅಲ್ಲಿ ಕಸಾ ಒಯ್ಯೂವನ ಮಾರಿ ನೋಡಿದ್ನಿ. ಅವ ಉಸರ ಬಿಟ್ಟು ಅಂದ, “ಬೈಬ್ಯಾಡ್ರಿ ಮೇಡಮ್ಮಾರ. ನಮ್ಮ ದವಾಖಾನ್ಯಾಗ ಬಣ್ಣ ನೋಡಿ ಹಾಕಾಂವ ಇವನೊಬ್ಬನ.”

೪. ಕೈಚೀಲ

ಶುಕ್ರವಾರದ ಡಾಕ್ಟರು ಭಾಳ ಶಿಸ್ತಿನವರು. ಮುಂಜಾನಿ ಬಂದವರ ರಬ್ಬರಿನ ಕೈಚೀಲ, ಅಂದ್ರ ಗ್ಲೌಸು, ಹಾಕ್ಕೊಂಡ್ರು. ಹಾಕ್ಕೊಂಡವರು ಬಿಚ್ಚಲೇ ಇಲ್ಲ. ಅದ ಕೈಲೆ ಒಬ್ಬನ ಕಾಲಿನ ಹುಣ್ಣು ಒತ್ತಿದ್ರು, ಅದ ಕೈಲೆ ಫೋನ್ ಎತ್ತಿದ್ರು, ಕಿವಿ ತುರಿಸಿಕೊಂಡ್ರು, ಪೆನ್ ಹಿಡದ್ರು, ಮುಂದಿನ ಹಾಸಿಗಿಗೆ ಹೋಗಿ ಒಂದು ಕೂಸಿನ ಕಣ್ಣು ಅಗಲಿಸಿ ನೋಡಿದ್ರು.

“ಡಾಕ್ಟರ್, ಅವನ್ನ ಬದಲಿ ಮಾಡಂಗಿಲ್ಲೇನ್ರಿ?”

“ಯಾಕ್ರಿ? ಹರದಿಲ್ಲಲ್ಲ. ನನಗೇನೂ ಹತ್ತೂದಿಲ್ಲ.”

“ನಿಮಗ ಹತ್ತೂದಿಲ್ರಿ. ಅವರಿಗೆ?”

ಡಾಕ್ಟರು ವಾರ್ಡ್ ತುಂಬ ಮಲಗಿದವರನ್ನ ಒಂದ್ಸಲ ನೋಡಿ ಅಂದ್ರು, “ಅವರು ಹೆಂಗೂ ಜಡ್ಡಿನವರ ಅದಾರಲ್ರಿ.”

ಬ್ಯಾರೆ ವಾರ ಆಗಿದ್ರ ಬಸ್ಸು ದುಂಡಸಿ ಊರು ದಾಟೂತನಾ ನಗತಿದ್ನೇನೋ. ಅವತ್ತ ಅಲ್ಲೇ ಬಾಯಿ ಮಾಡಿದ್ನಿ. “ನಮ್ಮವ್ವ ಇಂಥಾ ಕೈಯಿಂದ ಸಾಯಾಕತ್ತಾಳ್ರೀ!” ಅಂದ್ಬಿಟ್ನಿ. ಡಾಕ್ಟರು ಪಾಪ ಕೈಚೀಲ ಬಿಚ್ಚಿ ಒಗದ್ರು. ನಾ ಹೊರಗ ಬಂದು ಪಾವಟಿಗಿ ಮ್ಯಾಲೆ ಕುಂತು ಅತ್ತನಿ. ಬಸ್ಸಿನ್ಯಾಗೂ ಅತ್ತನಿ. ಬಾಜೂಕ ಕುಂತಾಕಿ ಅವತ್ತೂ ಸರದ ಕುಂತ್ಲು.

ಸಂಜೀಕ ಪಟ್ಟಿ ಎತ್ತಿ ನೋಡಿದ್ನಿ. ಹಸಿ. ಬೆರಳಿಲೆ ಒತ್ತಿ ನೋಡಿದ್ನಿ. ಅವ್ವ ಹಲ್ಲು ಕಚ್ಚಿದ್ಲು.

೫. ಹಾಸಿಗಿ ನಂಬರ್ ಏಳು

ಅವ್ವ ಇದ್ದ ದವಾಖಾನಿ ತಪಾಸಣಿನೂ ಆ ವಾರಕ್ಕ ಬಂದಿತ್ತು. ಅವ್ವ ಅಲ್ಲೆ ಏಳನೇ ಹಾಸಿಗ್ಯಾಗ ಮಲಗ್ಯಾಳ ಅಂದಮ್ಯಾಲೆ ನಾ ಮಾಡೂದು ಸರಿ ಅಲ್ಲ, ಬ್ಯಾರೆ ಜಿಲ್ಲಾದಿಂದ ಇನ್ನೊಬ್ಬ ಸಿಸ್ಟರನ್ನ ಹಾಕಿದ್ರು. ಆಕಿ ನನ್ನಕಿಂತ ಶಾಣ್ಯಾಕಿ. ಸಾದಾ ಸೀರಿ ಉಟ್ಟು, ಊಟದ ಡಬ್ಬಿ ತೊಡಿ ಮ್ಯಾಲೆ ಇಟಗೊಂಡು, ಜಡ್ಡಿನವರ ಮಂದಿಯಂಗ ಅವ್ವನ ವಾರ್ಡಿನ ಬಾಕಿನ ಮ್ಯಾಲೆ ಎರಡು ದಿನಾ ಕುಂತಿದ್ಲಂತ. ನನಗ ಗುರುತ ಸಿಗಲಿಲ್ಲ.

ಶನಿವಾರ ಸಂಜೀಕ ಹೆಡ್ ಸಿಸ್ಟರ್ ಖೋಲ್ಯಾಗ ನನ್ನ ಕರಿಸಿದ್ರು. ಆ ಸಿಸ್ಟರ್, ಹೆಡ್ ಸಿಸ್ಟರ್, ವಾರ್ಡಿನ ಆಯಾ ಮೂವರೂ ಇದ್ರು. ನಾ ಕುಂದರೂಕಿಂತ ಮೊದಲ ಕೇಳಿದ್ನಿ, “ಯಾರು ಕೈ ತೊಳೀದ ಮುಟ್ಟ್ಯಾರ ಹೇಳ್ರಿ ಮೊದಲ.”

“ಏಳನೇ ಹಾಸಿಗಿಗೆ ಬಂದ ಡಾಕ್ಟರು, ನರ್ಸು, ಆಯಾ ಎಲ್ಲಾರೂ ಕೈ ತೊಳಕೊಂಡ ಮುಟ್ಟ್ಯಾರ್ರಿ,” ಅಂದ್ಲು ಆ ಸಿಸ್ಟರ್. “ಒಬ್ಬಾಕಿನ್ನ ಬಿಟ್ಟು.”

“ಯಾರಾಕಿ? ಆಕಿ ಹೆಸರ ಹೇಳ್ರಿ! ಇವತ್ತ ಆಕಿನ್ನ ಮನಿಗೆ ಕಳಸಲಿಲ್ಲಂದ್ರ ಕೇಳ್ರಿ!” ಮೇಜು ಬಡದ್ನಿ.

ಹೆಡ್ ಸಿಸ್ಟರ್ ನೆಲಾ ನೋಡಿದ್ಲು. ಆಯಾ ಬಾಯಿಗೆ ಸೆರಗ ಇಟಗೊಂಡ್ಲು. ಆ ಸಿಸ್ಟರ್ ಹಾಳಿ ನನ್ನ ಕಡೆ ಸರಿಸಿದ್ಲು. ನಾ ಓದಿದ್ನಿ: ‘ಎರಡೂ ದಿನ ಸಂಜೆ. ಹೆಂಗಸು, ಐವತ್ತರ ಸುಮಾರು. ಬಗಲಲ್ಲಿ ಚೀಲ, ಕೊರಳಲ್ಲಿ ಗುರುತಿನ ಚೀಟಿ. ಹೊರಗಿಂದ ಬಂದವಳು ಕೈ ತೊಳೆಯದೆ ಪಟ್ಟಿ ಎತ್ತಿ, ಬೆರಳಿನಿಂದ ಗಾಯ ಒತ್ತಿ ನೋಡಿದಳು.’

ಎಷ್ಟೋ ದವಾಖಾನಿ ಬಾಗಲ, ಹಾಸಿಗಿ, ಡಬ್ಬಿ ಮುಚ್ಚಳ, ಬಸ್ಸಿನ ಸರಳು ಮುಟ್ಟಿದ ಕೈ. ಅದ ಕೈಲೆ. ಕುಂತ್ಬಿಟ್ನಿ.

“ಯಾಕ ಯಾರೂ ನನಗ ಹೇಳಲಿಲ್ಲ?” ಅಂದ್ನಿ.

ಆಯಾ ಸೆರಗ ತಗದು ಹೇಳಿದ್ಲು, “ಯಾವಾಗ ಹೇಳೂದ್ರಿ ಮೇಡಮ್ಮಾರ? ಆಪರೇಶನ್ ಆದ ಮರುದಿನದಿಂದನೂ ನೀವು ಬಾಗಲದಾಗಿಂದನ ‘ಕೈ ತೊಳಕೊಂಡೀರೇನ್ರಿ?’ ಅಂತ ಒದರ್ತಿದ್ರಿ. ನಾವೆಲ್ಲಾ ತೊಳಕೋಳಾಕ ಓಡ್ತಿದ್ವಿ. ತೊಳಕೊಂಡ ಬರೂದ್ರಾಗ ನೀವು ಪಟ್ಟಿ ಎತ್ತಿರತಿದ್ರಿ!”

ಆ ಸಿಸ್ಟರ್ ನಕ್ಕಳು. ಹೆಡ್ ಸಿಸ್ಟರೂ ನಕ್ಕಳು. ನನಗೂ ನಗು ಬಂತು, ನಕ್ಕೋತ ನಕ್ಕೋತ ಅಳು ಬಂತು. ಕೈ ತೊಳಿಯೂ ಸಾಲಿನ ಮುಂದ ‘ಇಲ್ಲ’ ಅಂತ ಬರೀರಿ ಅಂತ ನಾನ ಹೇಳಿದ್ನಿ.

ಕೈ ತೊಳಕೊಂಡು ಅವ್ವನ ಕಡೆ ಹೋದ್ನಿ. “ನೀನರೆ ಹೇಳಬಾರದಿತ್ತೇನ ಬೇ, ಒತ್ತಬ್ಯಾಡ ಅಂತ?”

“ಬ್ಯಾನಿ ಆಗತಿತ್ತು,” ಅಂದ್ಲು ಅವ್ವ. “ಆದ್ರ ದಿನಾ ಒಂದ್ಸಲ ನೀ ಮುಟ್ಟತಿದ್ದೆಲ್ಲಾ, ಅದು ಚಲೋ ಅನಸತಿತ್ತು.”

ಎರಡು ದಿನಾ ಸ್ಟೂಲ್ ದೂರ ಹಾಕ್ಕೊಂಡು ಕುಂತ್ನಿ. ಸೋಮವಾರ ಪಟ್ಟಿ ಬಿಚ್ಚಿದ್ರು. ಅರ್ಧಾ ಒಣಗಿತ್ತು, ಅರ್ಧಾ ಇಲ್ಲ. ಮತ್ತ ಒಳಗ ಒಯ್ದ್ರು, ರಾಡ್ ತಗದ್ರು. ಎರಡೂವರಿ ತಾಸು ಹೊರಗ ನಿಂತಿದ್ನಿ. “ಯಾರ ಕೈಯಿಂದ ಬಂತು ಅಂತ ಯಾರಿಗೂ ಹೇಳಾಕ ಬರೂದಿಲ್ಲ, ಮನಸಿಗೆ ಹಚ್ಚಿಕೋಬ್ಯಾಡ್ರಿ,” ಅಂದ್ರು ಡಾಕ್ಟರು. ಅವರು ನನ್ನ ಬಿಟ್ಟಾರ, ನಾ ನನ್ನ ಬಿಟ್ಟಿಲ್ಲ.

ಅವ್ವ ಉಳದ್ಲು. ಆದ್ರ ಕಾಲು ಗಿಡ್ಡಾತು, ಒಬ್ಬಾಕಿನ ನಡಿಯಾಕ ಆಗೂದಿಲ್ಲ. ಈಗ ಹಾನಗಲ್ಲಾಗ ನನ್ನ ಮನ್ಯಾಗ ಅದಾಳ. ಮುಂಜಾನೆದ್ದು ಬಚ್ಚಲಕ್ಕ ಹೋಗಬೇಕಂದ್ರ ನಾನ ಕೈ ಹಿಡೀಬೇಕು. ನಾ ಕೈ ಮುಂದ ಮಾಡಿದ್ರ ಆಕಿ ತನ್ನ ಕೈ ದುಪ್ಪಡಿಯೊಳಗ ಎಳಕೋತಾಳ.

“ತೊಳಕೊಂಡಿ?”

“ಹೂಂ ಬೇ.”

“ತಾ ಇಲ್ಲೆ.” ಹಿಡದು ಮೂಸಿ ನೋಡ್ತಾಳ. ಸಬಕಾರದ ವಾಸನಿ ಬರಲಿಲ್ಲಂದ್ರ, “ಹೋಗು, ಮತ್ತ ತೊಳಕೊಂಡ ಬಾ,” ಅಂತಾಳ. ನಾ ಹೋಗ್ತೇನಿ.

ಮೊನ್ನೆ ಬಾಜೂ ಮನಿ ಅಕ್ಕಾರು ಆಕಿನ್ನ ಮಾತಾಡಸಾಕ ಬಂದಾಗ ಇದ ನಡದಿತ್ತು. ಅವರು ಬೆರಗಾಗಿ ನಿಂತು ನೋಡಾಕತ್ತಿದ್ರು. ನಾ ಎರಡನೇ ಸಲ ಕೈ ತೊಳಕೋಳಾಕ ಹೊಂಟಿದ್ನಿ, ಅವ್ವ ಅವರಿಗೆ ಹೇಳೂದು ಹಿಂದಿಂದ ಕೇಳಸ್ತು.

“ನಮ್ಮಾಕಿ ನಾಕು ತಾಲೂಕಿಗೆ ಕೈ ತೊಳಿಯೂದು ಕಲಸ್ತಾಳ ನೋಡವಾ. ಮನ್ಯಾಗ ಇನ್ನಾ ಪಾಸ್ ಆಗಿಲ್ಲ.”